ಯಾರೂ ಇಲ್ಲದ ಮನೇಲಿ ರಾತ್ರಿ ಎರಡು ಗಂಟೆಗೆ ಲಾಗಿನ್ ಆಗಿದ್ದು ಯಾರು?

ಇವತ್ತಿನ ಸಂಚಿಕೆಯಲ್ಲಿ ನಂಬರ್‌ಗಳು ಜಾಸ್ತಿ. ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರು ಅವನ್ನೆಲ್ಲ ನೆನಪಿಟ್ಟುಕೊಳ್ಳೋಕೆ ಹೋಗ್ಬೇಡಿ. ಆಡಿಯೋದಲ್ಲಿ ಹೇಳಿದ್ದೆಲ್ಲಾ ಇಲ್ಲಿ ಬರಹದಲ್ಲಿದೆ, ಬೇಕಾದಾಗ ತೆಗೆದು ನೋಡ್ಕೋಬಹುದು.

ವಿಷಯ ಇಷ್ಟು. ಮನೆಯವರೆಲ್ಲ ಹತ್ತಿಪ್ಪತ್ತು ದಿನ ಊರಿಗೆ ಹೋಗ್ತಾರೆ. ಹಾಲ್‌ನಲ್ಲಿರೋ ಕಂಪ್ಯೂಟರ್ ಹಾಗೇ ಇರುತ್ತೆ. ವಾಪಸ್ ಬಂದ ಮೇಲೆ ಯಾಕೋ ಅನುಮಾನ: ಮೌಸ್ ಸ್ವಲ್ಪ ಆಚೆ ಈಚೆ ಆದ ಹಾಗಿದೆ, ಇಲ್ಲಾ ಫ್ಯಾನ್ ತಿರುಗ್ತಾ ಇದೆ. ಯೂಟ್ಯೂಬ್ ನೋಡಿ ವಿಂಡೋಸ್‌ನ ಈವೆಂಟ್ ವ್ಯೂವರ್ ತೆಗೀತಾರೆ. ಅಲ್ಲಿ ಸೆಕ್ಯೂರಿಟಿ ಅನ್ನೋ ಲಾಗ್‌ನಲ್ಲಿ ಸಾವಿರಾರು ಸಾಲು. ರಾತ್ರಿ ಎರಡಕ್ಕೆ "ಲಾಗಾನ್". ಅದರ ಕೆಳಗೆ "ಸ್ಪೆಷಲ್ ಲಾಗಾನ್". ಹೊಟ್ಟೆಯೊಳಗೆ ಕಲಸಿದ ಹಾಗಾಗುತ್ತೆ. ಮನೇಲಿ ಯಾರೂ ಇರಲಿಲ್ಲ, ಹಾಗಾದ್ರೆ ಇದು ಯಾರು?

ನಾನು ಓದಿದ್ದು ಬಿ.ಕಾಂ, ಕಂಪ್ಯೂಟರ್ ಸೈನ್ಸ್ ಅಲ್ಲ. ಆದ್ರೆ ಲಾಗ್ ಓದೋದಕ್ಕೆ ಬಿ.ಕಾಂ ಬುದ್ಧಿ ಚೆನ್ನಾಗೇ ಸಾಕಾಗುತ್ತೆ. ಲಾಗ್ ಅಂದ್ರೆ ಅಂಗಡಿಯ ಕಿರ್ದಿ ಪುಸ್ತಕ ಇದ್ದ ಹಾಗೆ. ಆಗಿದ್ದನ್ನೆಲ್ಲ ಆದ ಹೊತ್ತಿಗೇ ಬರೀತಾ ಹೋಗುತ್ತೆ, ದೊಡ್ಡದು ಸಣ್ಣದು ಅಂತ ನೋಡಲ್ಲ. ಒಂದು ಎಂಟ್ರಿ ನೋಡಿ "ಕಳ್ಳತನ ಆಗಿದೆ" ಅಂತ ಯಾವ ಆಡಿಟರೂ ಹೇಳಲ್ಲ. ಅದಕ್ಕೆ ವೋಚರ್ ಎಲ್ಲಿದೆ, ಅದೇ ಹೊತ್ತಿಗೆ ಇನ್ನೊಂದು ಪುಸ್ತಕದಲ್ಲಿ ಏನು ಬರೆದಿದೆ ಅಂತ ಕೇಳ್ತಾರೆ. ನಾವೂ ಅದನ್ನೇ ಮಾಡ್ಬೇಕು.

ಮೊದಲು ಲಾಗ್ ತೆಗೆಯೋದು ಹೇಗೆ ಅಂತ ಬೇಗ ಹೇಳಿಬಿಡ್ತೀನಿ. ಸ್ಟಾರ್ಟ್ ಒತ್ತಿ ಇಂಗ್ಲಿಷಲ್ಲಿ ಈವೆಂಟ್ ಅಂತ ಟೈಪ್ ಮಾಡಿದ್ರೆ ಈವೆಂಟ್ ವ್ಯೂವರ್ ಸಿಗುತ್ತೆ. ಎಡಗಡೆ ವಿಂಡೋಸ್ ಲಾಗ್ಸ್, ಅದರೊಳಗೆ ಸೆಕ್ಯೂರಿಟಿ, ಸಿಸ್ಟಮ್ ಅಂತ ಬೇರೆ ಬೇರೆ ಇವೆ. ಸೆಕ್ಯೂರಿಟಿ ನೋಡೋಕೆ ಅಡ್ಮಿನ್ ಅಕೌಂಟ್ ಬೇಕು. ಪ್ರತಿ ಸಾಲಿಗೂ ಒಂದು ಈವೆಂಟ್ ಐಡಿ ಇರುತ್ತೆ, ಅದೇ ನಮ್ಮ ಕೀಲಿಕೈ.

4624 ಅಂದ್ರೆ ಲಾಗಾನ್ ಯಶಸ್ವಿ. 4625 ಅಂದ್ರೆ ಪ್ರಯತ್ನ ವಿಫಲ. 4634 ಮತ್ತು 4647 ಲಾಗಾಫ್. ಜನ ಹೆದರೋದು 4624 ನೋಡಿ. ಹೆದರೋದಕ್ಕೆ ಕಾರಣ ಆ ಪದ. ನಮಗೆ "ಲಾಗಾನ್" ಅಂದ್ರೆ ಒಬ್ಬ ಮನುಷ್ಯ ಕುರ್ಚಿ ಎಳೆದುಕೊಂಡು ಕೂತು ಪಾಸ್‌ವರ್ಡ್ ಹೊಡೆಯೋದು. ವಿಂಡೋಸ್‌ಗೆ ಹಾಗಲ್ಲ. ಅದರೊಳಗಿನ ಒಂದೊಂದು ಸರ್ವಿಸ್ ಕೆಲಸ ಶುರು ಮಾಡುವಾಗಲೂ ಒಂದು ಅಕೌಂಟ್ ಹೆಸರಲ್ಲಿ ಲಾಗಾನ್ ಆಗ್ಬೇಕು. ಆಫೀಸಿನ ಅಟೆಂಡರ್ ಬೆಳಗ್ಗೆ ಬಂದು ಬಾಗಿಲು ತೆಗೆದಾಗಲೂ ರಿಜಿಸ್ಟರ್‌ನಲ್ಲಿ ಸಹಿ ಹಾಕ್ತಾನಲ್ಲ, ಅದೇ ಥರ.

ಅದಕ್ಕೇ 4624 ಮೇಲೆ ಡಬಲ್ ಕ್ಲಿಕ್ ಮಾಡಿ, ಒಳಗೆ "ಲಾಗಾನ್ ಟೈಪ್" ಅಂತ ಒಂದು ನಂಬರ್ ಇರುತ್ತೆ, ಅದನ್ನ ನೋಡಿ. ಇಡೀ ಸಂಚಿಕೆಯಲ್ಲಿ ಒಂದೇ ವಿಷಯ ನೆನಪಿಡೋದಾದ್ರೆ ಇದನ್ನ ಇಟ್ಕೊಳ್ಳಿ. 5 ಇದ್ರೆ ಸರ್ವಿಸ್, ಅಂದ್ರೆ ವಿಂಡೋಸ್‌ನ ಒಳಗಿನ ಕೆಲಸ. ಯಾರೂ ಮುಟ್ಟದ ಕಂಪ್ಯೂಟರ್‌ನಲ್ಲಿ ನೀವು ನೋಡೋ 4624ಗಳಲ್ಲಿ ಬಹುಪಾಲು ಇವೇ. ಅಕೌಂಟ್ ಹೆಸರು ಸಿಸ್ಟಮ್ ಅಂತಿರುತ್ತೆ, ಪ್ರಾಸೆಸ್ ಹೆಸರು ಸರ್ವಿಸಸ್ ಡಾಟ್ ಇಎಕ್ಸ್ಇ. 2 ಇದ್ರೆ ಕಂಪ್ಯೂಟರ್ ಮುಂದೆಯೇ ಆದ ಲಾಗಾನ್. 7 ಅಂದ್ರೆ ಲಾಕ್ ಆಗಿದ್ದ ಸ್ಕ್ರೀನ್ ತೆಗೆದಿದ್ದು. 11 ಅಂದ್ರೆ ಮೊದಲೇ ಉಳಿಸಿಟ್ಟ ಗುರುತಿನಿಂದ ಒಳಗೆ ಬಂದಿದ್ದು, ಮೈಕ್ರೋಸಾಫ್ಟ್ ಅಕೌಂಟ್ ಬಳಸೋರಿಗೆ ಇದು ಕಾಣಿಸಬಹುದು. 3 ಅಂದ್ರೆ ನೆಟ್‌ವರ್ಕ್ ಮೂಲಕ, ಉದಾಹರಣೆಗೆ ಇನ್ನೊಂದು ಲ್ಯಾಪ್‌ಟಾಪ್ ನಿಮ್ಮ ಶೇರ್ಡ್ ಫೋಲ್ಡರ್ ತೆಗೆದಾಗ. 10 ಅಂದ್ರೆ ರಿಮೋಟ್ ಡೆಸ್ಕ್‌ಟಾಪ್, ದೂರದಿಂದ ಬಂದು ಕೂತಿದ್ದು.

2 ನೋಡಿದ ಕೂಡಲೇ "ಸಿಕ್ಕಿಬಿದ್ದ" ಅನ್ಬೇಡಿ. ಅಕೌಂಟ್ ಹೆಸರು ಡಿಡಬ್ಲ್ಯೂಎಂ-1 ಅಥವಾ ಯುಎಂಎಫ್‌ಡಿ-0 ಅಂತಿದ್ರೆ ಅದೂ ವಿಂಡೋಸೇ. ಒಂದು ಸ್ಕ್ರೀನ್ ಮೇಲಿನ ಕಿಟಕಿಗಳನ್ನ ಬಿಡಿಸೋ ಕೆಲಸದ್ದು, ಇನ್ನೊಂದು ಫಾಂಟ್‌ಗಳದ್ದು. ಇವಕ್ಕೂ ಟೈಪ್ 2 ಅಂತಲೇ ಬರುತ್ತೆ. ಡಿಡಬ್ಲ್ಯೂಎಂ-1 ಅನ್ನೋ ಹೆಸರು ನೋಡಿದ್ರೆ ಯಾರಿಗಾದ್ರೂ ಹ್ಯಾಕರ್ ಅಂತಲೇ ಅನ್ಸುತ್ತೆ, ಒಪ್ಕೋತೀನಿ.

ಇನ್ನು ಆ "ಸ್ಪೆಷಲ್ ಲಾಗಾನ್", ಐಡಿ 4672. "ಹೊಸ ಲಾಗಾನ್‌ಗೆ ವಿಶೇಷ ಅಧಿಕಾರ ಕೊಡಲಾಗಿದೆ" ಅಂತ ಅದರ ಅರ್ಥ. ಓದಿದ್ರೆ ಯಾರೋ ಕೀಗೊಂಚಲು ಕದ್ದ ಹಾಗಿದೆ. ಅಸಲಿಗೆ ಅಡ್ಮಿನ್ ಮಟ್ಟದ ಯಾವುದೇ ಅಕೌಂಟ್ ಒಳಗೆ ಬಂದಾಗ ಈ ಸಾಲು ಹುಟ್ಟುತ್ತೆ, ಸಿಸ್ಟಮ್ ಅಕೌಂಟ್ ಕೂಡ ಅದರಲ್ಲಿ ಸೇರಿದೆ. ಅದಕ್ಕೇ 4624ರ ಬೆನ್ನಿಗೇ 4672 ಜೋಡಿಯಾಗಿ ಬರೋದು. ಇನ್ನೊಂದು ತಮಾಷೆ: ಅಡ್ಮಿನ್ ಅಧಿಕಾರ ಇರೋ ನೀವು ಒಂದು ಸಲ ಲಾಗಿನ್ ಆದ್ರೆ ಒಂದೇ ಸೆಕೆಂಡಿನಲ್ಲಿ ಎರಡು 4624 ಬೀಳುತ್ತೆ. ಒಂದು ಪೂರ್ತಿ ಅಧಿಕಾರದ್ದು, ಒಂದು ಕಡಿಮೆ ಅಧಿಕಾರದ್ದು. ಇಬ್ಬರು ಬಂದಿದ್ದಾರೆ ಅಂತ ಲೆಕ್ಕ ಹಾಕ್ಬೇಡಿ.

ಸರಿ, ರಾತ್ರಿ ಎರಡೇ ಯಾಕೆ? ವಿಂಡೋಸ್‌ನಲ್ಲಿ ಆಟೋಮ್ಯಾಟಿಕ್ ಮೇಂಟೆನೆನ್ಸ್ ಅಂತ ಒಂದಿದೆ, ಅದರ ಮೊದಲೇ ಸೆಟ್ ಆಗಿರೋ ಹೊತ್ತು ರಾತ್ರಿ 2. ಅಪ್‌ಡೇಟ್ ಹುಡುಕೋದು, ವೈರಸ್ ಸ್ಕ್ಯಾನ್, ಡಿಸ್ಕ್ ಒಪ್ಪ ಮಾಡೋದು, ಎಲ್ಲಾ ಆಗ. ನೀವು ಶಟ್‌ಡೌನ್ ಮಾಡದೆ ಸ್ಲೀಪ್‌ನಲ್ಲಿ ಬಿಟ್ಟು ಹೋಗಿದ್ರೆ, ಅದು ತಾನೇ ಎದ್ದು ಕೆಲಸ ಮುಗಿಸಿ ಮತ್ತೆ ಮಲಗಬಹುದು. ಇದರ ವೋಚರ್ ಇರೋದು ಸೆಕ್ಯೂರಿಟಿಯಲ್ಲಲ್ಲ, ಪಕ್ಕದ ಸಿಸ್ಟಮ್ ಲಾಗ್‌ನಲ್ಲಿ. ಅಲ್ಲಿ ಪವರ್-ಟ್ರಬಲ್‌ಶೂಟರ್ ಅನ್ನೋ ಮೂಲದ ಈವೆಂಟ್ 1 ಹುಡುಕಿ. ಎಷ್ಟು ಹೊತ್ತಿಗೆ ಮಲಗಿತ್ತು, ಎಷ್ಟಕ್ಕೆ ಎದ್ದಿತು, ಎಬ್ಬಿಸಿದ್ದು ಯಾರು ಅಂತ ಬರೆದಿರುತ್ತೆ. "ವೇಕ್ ಸೋರ್ಸ್" ಮುಂದೆ ಟೈಮರ್ ಅಂತಿದ್ರೆ ವಿಂಡೋಸ್ ತಾನೇ ಅಲಾರಾಂ ಇಟ್ಕೊಂಡಿತ್ತು. ಪವರ್ ಬಟನ್ ಅಂತಿದ್ರೆ ಒಂದು ಬೆರಳು ಅದನ್ನ ಒತ್ತಿದೆ. ಯುಎಸ್‌ಬಿ ಹೆಸರು ಇದ್ರೆ ಕೀಬೋರ್ಡೋ ಮೌಸೋ ಅಲ್ಲಾಡಿದೆ. ಬೆಕ್ಕು ಮೇಜಿನ ಮೇಲೆ ಹಾರಿದ್ರೂ ಆಗುತ್ತೆ. ಕೆಲವು ಸಲ ಬರೀ "ಅನ್‌ನೋನ್" ಅಂತಿರುತ್ತೆ, ಆಗ ಅದರಿಂದ ಯಾವ ತೀರ್ಮಾನಕ್ಕೂ ಬರೋಕಾಗಲ್ಲ.

ಈಗ ಒಂದು ಮನೆಯ ಕಥೆ. ಕೇಳುಗರೊಬ್ಬರು ಕಳಿಸಿದ್ದು, ಅವರ ಒಪ್ಪಿಗೆ ತಗೊಂಡೇ ಹೇಳ್ತಿದೀನಿ, ಹೆಸರು ಊರು ಬೇಡ. ಮಲೆನಾಡಿನ ಒಂದು ಪಟ್ಟಣ. ಅಪ್ಪ ಅಮ್ಮ ಮಗಳ ಬಾಣಂತನಕ್ಕೆ ಅಂತ ಬೆಂಗಳೂರಿಗೆ ಬಂದಿದ್ರು. ಮನೆ ಕೆಲಸಕ್ಕೆ ಬರೋ ಒಬ್ಬ ಅಕ್ಕನ ಹತ್ರ ಕೀ. ಅವರು ದಿನಾ ಬೆಳಗ್ಗೆ ಏಳಕ್ಕೆ ಬಂದು ಗಿಡಕ್ಕೆ ನೀರು ಹಾಕಿ, ಅಂಗಳ ಗುಡಿಸಿ, ಎಂಟಕ್ಕೆ ಇನ್ನೊಂದು ಮನೆಗೆ ಹೋಗ್ತಿದ್ರು. ಅಪ್ಪ ಹೊರಡುವಾಗ ಮಾನಿಟರ್ ಸ್ವಿಚ್ ಆಫ್ ಮಾಡಿ, ಕಂಪ್ಯೂಟರ್ ಆಫ್ ಆಯ್ತು ಅಂದ್ಕೊಂಡಿದ್ರು. (ನಿಮ್ಮ ಮನೇಲೂ ಹೀಗೇ ತಾನೆ?)

ವಾಪಸ್ ಬಂದಾಗ ಕಂಪ್ಯೂಟರ್ ಆನ್ ಇತ್ತು. ದುಬೈನಲ್ಲಿರೋ ಮಗ ಸೆಕ್ಯೂರಿಟಿ ಲಾಗನ್ನ ಫೈಲ್ ಮಾಡಿ ಕಳಿಸೋಕೆ ಹೇಳಿ, ಅಲ್ಲಿ ತನ್ನ ಲ್ಯಾಪ್‌ಟಾಪ್‌ನಲ್ಲಿ ತೆಗೆದು ನೋಡಿದ. ಒಂದು ದಿನ ಬೆಳಗ್ಗೆ 7:10ಕ್ಕೆ 4624, ಲಾಗಾನ್ ಟೈಪ್ 2, ಅಕೌಂಟ್ ಅಪ್ಪನದೇ. ಏಳು ಗಂಟೆಗೆ ಮನೆಯೊಳಗೆ ಇರೋದು ಒಬ್ಬರೇ. ಆ ಕಂಪ್ಯೂಟರ್‌ನಲ್ಲಿ ಅಪ್ಪನ ಬ್ಯಾಂಕಿನ ಕಾಗದಪತ್ರ ಎಲ್ಲಾ ಇದೆ. ಅಮ್ಮನಿಗೆ ಫೋನ್ ಮಾಡಿ "ಕೀ ಇಸ್ಕೊಂಡು ನಾಳೆಯಿಂದ ಬರೋದು ಬೇಡ ಅಂತ ಹೇಳಿ" ಅಂದ. ಅಮ್ಮ ಕೀ ಇಸ್ಕೊಂಡ್ರು. ಬರಬೇಡ ಅನ್ನೋಕೆ ಬಾಯಿ ಬರಲಿಲ್ಲ. ಹನ್ನೊಂದು ವರ್ಷದಿಂದ ಬರ್ತಿರೋರು. ಯಾಕೆ ಅಂತ ಅವರು ಕೇಳಲೂ ಇಲ್ಲವಂತೆ, ಆದ್ರೆ ಗೊತ್ತಾಗದೆ ಇರುತ್ತಾ?

ಮಗಳು ಆ ಫೈಲ್ ನನಗೆ ಕಳಿಸಿದ್ರು. ಜೊತೆಗೆ ಸಿಸ್ಟಮ್ ಲಾಗ್ ಕೂಡ ಬೇಕು ಅಂದೆ. ಇಲ್ಲಿ ನನ್ನ ಲ್ಯಾಪ್‌ಟಾಪ್‌ನಲ್ಲಿ ತೆಗೆದ್ರೆ ಅದೇ ಎಂಟ್ರಿ 8:40 ತೋರಿಸ್ತಿದೆ! ಇದು ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ. ವಿಂಡೋಸ್ ಲಾಗ್‌ನ ಒಳಗೆ ಹೊತ್ತನ್ನ ಯುಟಿಸಿ ಲೆಕ್ಕದಲ್ಲಿ ಬರೆದಿಡುತ್ತೆ. ತೋರಿಸುವಾಗ ಯಾವ ಕಂಪ್ಯೂಟರ್‌ನಲ್ಲಿ ನೋಡ್ತೀರೋ ಆ ಕಂಪ್ಯೂಟರ್‌ನ ಟೈಮ್ ಝೋನ್‌ಗೆ ಬದಲಾಯಿಸಿ ತೋರಿಸುತ್ತೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಮಗ ನೋಡಿದ್ದು ದುಬೈ ಹೊತ್ತು. ಮನೇಲಿ ಆಗ 8:40, ಆ ಅಕ್ಕ ಇನ್ನೊಂದು ಮನೇಲಿ ಪಾತ್ರೆ ತೊಳೀತಿದ್ರು. ನೀವು ಡೀಟೇಲ್ಸ್ ಟ್ಯಾಬ್‌ನಲ್ಲಿ ಎಕ್ಸ್ಎಂಎಲ್ ನೋಟ ತೆಗೆದ್ರೂ ಇದೇ ಗೊಂದಲ: ಅಲ್ಲಿ ನೇರ ಯುಟಿಸಿ ಇರುತ್ತೆ, ನಮ್ಮ ಹೊತ್ತಿಗೆ ಐದೂವರೆ ಗಂಟೆ ಸೇರಿಸ್ಬೇಕು.

ಹಾಗಾದ್ರೆ 8:40ಕ್ಕೆ ಲಾಗಿನ್ ಆಗಿದ್ದು ಯಾರು? ಸಿಸ್ಟಮ್ ಲಾಗ್‌ನಲ್ಲಿ ಅದೇ ನಿಮಿಷಕ್ಕೆ ಎರಡು ಸಾಲು ಇತ್ತು. ಕರ್ನಲ್-ಪವರ್ ಅನ್ನೋ ಮೂಲದ 41, ಮತ್ತೆ 6008. ಎರಡೂ ಹೇಳೋದು ಒಂದೇ: ಹಿಂದಿನ ಸಲ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ, ದಿಢೀರ್ ಅಂತ ನಿಂತುಹೋಗಿತ್ತು. ಅಂದ್ರೆ ಕರೆಂಟ್ ಹೋಗಿದೆ, ಮತ್ತೆ ಬಂದಿದೆ. ಮಳೆಗಾಲ, ಮಲೆನಾಡು, ಪಕ್ಕದ ಮನೆಯವರನ್ನ ಕೇಳಿದ್ರೆ ಅವತ್ತು ಬೆಳಗಿನ ಜಾವದಿಂದ ಕರೆಂಟ್ ಇರಲಿಲ್ಲ ಅಂದ್ರು. ಆ ಮನೇಲಿ ಕಂಪ್ಯೂಟರ್‌ಗೆ ಯುಪಿಎಸ್ ಇಲ್ಲ. ಕರೆಂಟ್ ವಾಪಸ್ ಬಂದ್ರೆ ತಾನೇ ಆನ್ ಆಗೋ ಸೆಟ್ಟಿಂಗ್ ಬಯೋಸ್‌ನಲ್ಲಿ ಇರುತ್ತೆ, ಇವರದ್ದರಲ್ಲಿ ಅದು ಆನ್ ಇತ್ತು. ಜೊತೆಗೆ ಅಪ್ಪನಿಗೆ ಪಾಸ್‌ವರ್ಡ್ ಹೊಡೆಯೋ ಕಿರಿಕಿರಿ ಬೇಡ ಅಂತ, ಆನ್ ಆದ್ರೆ ನೇರ ಡೆಸ್ಕ್‌ಟಾಪ್‌ಗೆ ಹೋಗೋ ಹಾಗೆ ಯಾವತ್ತೋ ಸೆಟ್ ಮಾಡಿಟ್ಟಿದ್ರು. ಅದನ್ನ ಮಾಡಿಕೊಟ್ಟಿದ್ದು ಇದೇ ಮಗ. ಕರೆಂಟ್ ಬಂತು, ಕಂಪ್ಯೂಟರ್ ಎದ್ದಿತು, ಅಪ್ಪನ ಹೆಸರಲ್ಲಿ ತಾನೇ ಲಾಗಿನ್ ಆಯ್ತು. ಮನುಷ್ಯರ ಕೈ ಇಲ್ಲದೆ ಟೈಪ್ 2.

ಇಲ್ಲಿ ಒಂದು ಮಾತು ನೇರವಾಗಿ ಹೇಳ್ಬೇಕು. ಮಿಕ್ಕ ಇಪ್ಪತ್ತು ದಿನದಲ್ಲಿ ಆ ಕಂಪ್ಯೂಟರನ್ನ ಯಾರೂ ಮುಟ್ಟಿಲ್ಲ ಅಂತ ಲಾಗ್ ಸಾಬೀತು ಮಾಡಲ್ಲ. ಪಾಸ್‌ವರ್ಡೇ ಕೇಳದ ಕಂಪ್ಯೂಟರ್ ಮುಂದೆ ಯಾರು ಕೂತ್ರೂ ಅಪ್ಪನ ಹೆಸರೇ ಬರುತ್ತೆ. ಆನ್ ಆಗಿ ಉಳಿದ ಡೆಸ್ಕ್‌ಟಾಪ್‌ನಲ್ಲಿ ಮೌಸ್ ಅಲ್ಲಾಡಿಸಿದ್ರೆ ಹೊಸ ಲಾಗಾನ್ ಸಾಲು ಕೂಡ ಬೀಳದೇ ಇರಬಹುದು. ಲಾಗ್ ಹೇಳೋದು ಅಕೌಂಟಿನ ಹೆಸರು, ಕೈ ಯಾರದು ಅಂತ ಅದಕ್ಕೆ ಗೊತ್ತಿಲ್ಲ. ಆದ್ರೆ ಆ ಅಕ್ಕನ ಮೇಲೆ ಹೊರಿಸಿದ್ದ ಒಂದೇ ಒಂದು ಎಂಟ್ರಿಗೆ ಸರಿಯಾದ ವೋಚರ್ ಸಿಕ್ಕಿತು, ಅದು ಅವರ ಕಡೆ ಬೊಟ್ಟು ಮಾಡಲಿಲ್ಲ. ಅಮ್ಮ ಕೀ ವಾಪಸ್ ಕೊಟ್ರು. ಮಗ ಫೋನ್‌ನಲ್ಲಿ ಮಾತಾಡ್ತೀನಿ ಅಂದಾಗ ಆ ಅಕ್ಕ "ಕೆಲಸ ಇದೆ ಕಣಮ್ಮ, ಆಮೇಲೆ" ಅಂದ್ರಂತೆ. ನಾನು ಈ ಸಂಚಿಕೆ ರೆಕಾರ್ಡ್ ಮಾಡೋ ಹೊತ್ತಿಗೆ ಇನ್ನೂ ಮಾತಾಡಿಲ್ಲ.

ಇಂಥದ್ದೇ ಇನ್ನೊಂದು ಬಲೆ ಅಪ್‌ಡೇಟ್‌ನದು. ನೀವಿಲ್ಲದಾಗ ವಿಂಡೋಸ್ ಅಪ್‌ಡೇಟ್ ಹಾಕ್ಕೊಂಡು ರೀಸ್ಟಾರ್ಟ್ ಆದ್ರೆ, ಕೆಲಸ ಪೂರ್ತಿ ಮುಗಿಸೋಕೆ ನಿಮ್ಮ ಹೆಸರಲ್ಲಿ ತಾನೇ ಸೈನ್-ಇನ್ ಆಗಿ ಕೂಡಲೇ ಸ್ಕ್ರೀನ್ ಲಾಕ್ ಮಾಡೋ ವ್ಯವಸ್ಥೆ ಇದೆ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರಲ್ಲಿ ಸೈನ್-ಇನ್ ಆಪ್ಷನ್ಸ್, ಅಲ್ಲಿ ಅದರ ಸ್ವಿಚ್ ಸಿಗುತ್ತೆ. ನಡುರಾತ್ರಿ ನಿಮ್ಮದೇ ಹೆಸರಿನ ಲಾಗಾನ್ ಕಂಡ್ರೆ, ಅದಕ್ಕಿಂತ ಸ್ವಲ್ಪ ಮುಂಚೆ ಸಿಸ್ಟಮ್ ಲಾಗ್‌ನಲ್ಲಿ 1074 ಇದೆಯಾ ನೋಡಿ. ರೀಸ್ಟಾರ್ಟ್ ಮಾಡಿಸಿದ್ದು ಯಾವ ಪ್ರೋಗ್ರಾಮ್, ಯಾವ ಕಾರಣಕ್ಕೆ ಅಂತ ಅದರಲ್ಲಿದೆ. ಅಪ್‌ಡೇಟ್ ಯಶಸ್ವಿಯಾಗಿ ಹಾಕಿದ್ದಕ್ಕೆ 19 ಅನ್ನೋ ಸಾಲೂ ಇರುತ್ತೆ.

ಹಾಗಂತ ಎಲ್ಲಾನೂ ವಿಂಡೋಸ್ ಮೇಲೆ ಹಾಕಿ ಮಲಗೋ ಹಾಗೂ ಇಲ್ಲ. ಕೆಲವು ನಂಬರ್ ಕಂಡ್ರೆ ನಾನಂತೂ ಕೂತಲ್ಲಿಂದ ಏಳ್ತೀನಿ. 1102, ಅಂದ್ರೆ ಸೆಕ್ಯೂರಿಟಿ ಲಾಗನ್ನ ಯಾರೋ ಅಳಿಸಿದ್ದಾರೆ. ಕಿರ್ದಿ ಪುಸ್ತಕದ ಹಾಳೆ ಹರಿದ ಹಾಗೆ, ಮತ್ತೆ ಹರಿದವರ ಅಕೌಂಟ್ ಹೆಸರು ಅದೇ ಸಾಲಲ್ಲಿ ಇರುತ್ತೆ. 4720, ಹೊಸ ಯೂಸರ್ ಅಕೌಂಟ್ ಹುಟ್ಟಿದೆ. 4732ರಲ್ಲಿ ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೆ ಯಾರನ್ನೋ ಸೇರಿಸಿದ್ದು ಕಂಡ್ರೆ ಇನ್ನೂ ಗಂಭೀರ. ಸಿಸ್ಟಮ್ ಲಾಗ್‌ನಲ್ಲಿ 7045, ಹೊಸ ಸರ್ವಿಸ್ ಕೂತಿದೆ. ಇದು ಪ್ರಿಂಟರ್ ಸಾಫ್ಟ್‌ವೇರ್ ಹಾಕಿದಾಗಲೂ ಬರುತ್ತೆ, ಆದ್ರೆ ಮನೇಲಿ ಯಾರೂ ಇಲ್ಲದ ದಿನ ಹೆಸರೇ ಕೇಳದ ಸರ್ವಿಸ್ ಯಾಕೆ ಬರ್ಬೇಕು? ಡಿಫೆಂಡರ್‌ನದು ಬೇರೆಯೇ ಲಾಗ್ ಇದೆ, ಅಲ್ಲಿ 5001 ಇದ್ರೆ ರಿಯಲ್-ಟೈಮ್ ಕಾವಲನ್ನ ಆಫ್ ಮಾಡಲಾಗಿದೆ.

4625 ಒಂದೆರಡು ಇದ್ರೆ ಚಿಂತೆ ಬೇಡ. ಸೋರ್ಸ್ ವಿಳಾಸ 192.168ರಿಂದ ಶುರುವಾದ್ರೆ ಅದು ನಿಮ್ಮದೇ ವೈಫೈನೊಳಗಿನ ಸಾಧನ. ಆದ್ರೆ ನಿಮಿಷಕ್ಕೆ ಹತ್ತಾರು, "ಅಡ್ಮಿನ್", "ಟೆಸ್ಟ್", "ಯೂಸರ್" ಅಂತ ಬೇರೆ ಬೇರೆ ಹೆಸರಲ್ಲಿ, ಹೊರಗಿನ ವಿಳಾಸದಿಂದ ಬರ್ತಿದ್ರೆ ನಿಮ್ಮ ಕಂಪ್ಯೂಟರ್‌ನ ರಿಮೋಟ್ ಡೆಸ್ಕ್‌ಟಾಪ್ ಬಾಗಿಲು ಇಂಟರ್‌ನೆಟ್‌ಗೆ ತೆರೆದಿದೆ, ಯಾವುದೋ ಯಂತ್ರ ಪಾಸ್‌ವರ್ಡ್ ಊಹಿಸ್ತಾ ಕೂತಿದೆ ಅಂತ ಅರ್ಥ. ಅದೇ ವಿಳಾಸದಿಂದ ಕೊನೆಗೊಂದು 4624 ಇದ್ರೆ ಊಹೆ ಸರಿಯಾಗಿದೆ. ಆಗ ಮೊದಲು ನೆಟ್ ಕೇಬಲ್ ಕೀಳಿ, ಆಮೇಲೆ ಮಿಕ್ಕಿದ್ದು.

ವಿಂಡೋಸ್ ಹೋಮ್ ಆವೃತ್ತಿ ಇರೋರಿಗೆ ಒಂದು ಮಾತು. ಅದು ಹೊರಗಿನಿಂದ ಬರೋ ರಿಮೋಟ್ ಡೆಸ್ಕ್‌ಟಾಪನ್ನ ಒಪ್ಪಲ್ಲ, ಹಾಗಾಗಿ ಟೈಪ್ 10 ಹುಡುಕಿ ಇಲ್ಲ ಅಂತ ನಿಟ್ಟುಸಿರು ಬಿಡೋದ್ರಲ್ಲಿ ಅರ್ಥ ಇಲ್ಲ. ನಮ್ಮಲ್ಲಿ ಮೋಸಗಾರರು ಜಾಸ್ತಿ ಬಳಸೋದು ಎನಿಡೆಸ್ಕ್, ಟೀಮ್‌ವ್ಯೂವರ್ ಥರದ ಆ್ಯಪ್‌ಗಳನ್ನ. ಆ್ಯಪ್‌ಗಳ ತಪ್ಪಲ್ಲ ಅದು, ಆಫೀಸುಗಳಲ್ಲಿ ದಿನಾ ಬಳಸ್ತಾರೆ. 2019ರ ಫೆಬ್ರವರಿಯಲ್ಲೇ ರಿಸರ್ವ್ ಬ್ಯಾಂಕ್ ಎನಿಡೆಸ್ಕ್ ಮೂಲಕ ಆಗೋ ವಂಚನೆ ಬಗ್ಗೆ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಇಂಥ ಆ್ಯಪ್‌ನಲ್ಲಿ ಬಂದವರು ಆಗಲೇ ತೆರೆದಿರೋ ನಿಮ್ಮ ಡೆಸ್ಕ್‌ಟಾಪ್ ಮೇಲೇ ಕೂರ್ತಾರೆ, ಸೆಕ್ಯೂರಿಟಿ ಲಾಗ್‌ನಲ್ಲಿ ಟೈಪ್ 10 ಬೀಳಲ್ಲ. ಅದಕ್ಕೆ ಆ ಆ್ಯಪ್‌ನದೇ ಸ್ವಂತ ಲಾಗ್ ನೋಡ್ಬೇಕು, ಇನ್‌ಸ್ಟಾಲ್ ಆಗಿರೋ ಪ್ರೋಗ್ರಾಮ್‌ಗಳ ಪಟ್ಟೀನೂ ನೋಡ್ಬೇಕು. ದುಡ್ಡು ಹೋಗಿದ್ರೆ ಲಾಗ್ ಓದ್ತಾ ಕೂರ್ಬೇಡಿ, ಮೊದಲು 1930ಕ್ಕೆ ಫೋನ್ ಮಾಡಿ.

ಮೈಕ್ರೋಸಾಫ್ಟ್ ಅಕೌಂಟ್ ಇದ್ರೆ ಅದರ ವೆಬ್‌ಸೈಟ್‌ನಲ್ಲಿ ಇತ್ತೀಚಿನ ಚಟುವಟಿಕೆ ಅನ್ನೋ ಪುಟ ಇದೆ, ಫೋನ್‌ನಲ್ಲೇ ನೋಡಬಹುದು. ಅಲ್ಲಿ ತೋರಿಸೋ ಊರನ್ನ ಮಾತ್ರ ಪೂರ್ತಿ ನಂಬ್ಬೇಡಿ. ಅದು ಐಪಿ ವಿಳಾಸದ ಲೆಕ್ಕ. ನೀವು ಹಾಸನದಲ್ಲಿ ಕೂತಿದ್ರೂ ಬೆಂಗಳೂರೋ ಚೆನ್ನೈಯೋ ತೋರಿಸಬಹುದು.

ಊರಿಗೆ ಹೊರಡೋ ಮುಂಚೆ ಏನು ಮಾಡ್ಬೇಕು? ಸುಲಭದ ಉತ್ತರ, ಪೂರ್ತಿ ಶಟ್‌ಡೌನ್ ಮಾಡಿ ಗೋಡೆಯ ಸ್ವಿಚ್ ಆಫ್ ಮಾಡಿ. ಆನ್ ಇರ್ಲೇಬೇಕು ಅನ್ನೋರಿಗೆ: ಸೆಕ್ಯೂರಿಟಿ ಲಾಗ್‌ಗೆ ಮೊದಲೇ ಇರೋ ಗಾತ್ರ 20 ಎಂಬಿ, ತುಂಬಿದ್ರೆ ಹಳೇದನ್ನ ಅಳಿಸಿ ಹೊಸದನ್ನ ಬರೀತಾ ಹೋಗುತ್ತೆ. 5379 ಅನ್ನೋ ಒಂದು ಸಾಲು, ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನ ಯಾವುದೋ ಪ್ರೋಗ್ರಾಮ್ ಓದಿದ್ದಕ್ಕೆ ಬೀಳೋದು, ಹಿಂಡುಗಟ್ಟಲೆ ಬಂದು ಜಾಗ ತಿನ್ನುತ್ತೆ. ಇಪ್ಪತ್ತು ದಿನ ಆದ್ಮೇಲೆ ಮೊದಲ ವಾರದ್ದು ಇಲ್ಲದೇ ಹೋಗಬಹುದು. ಸೆಕ್ಯೂರಿಟಿ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಗಾತ್ರ ಜಾಸ್ತಿ ಮಾಡಿಡಿ. ವಾಪಸ್ ಬಂದ ಮೇಲೆ ಬೇರೇನೂ ಮುಟ್ಟೋ ಮುಂಚೆ ಅದೇ ರೈಟ್ ಕ್ಲಿಕ್‌ನಲ್ಲಿ ಲಾಗನ್ನ ಫೈಲ್ ಆಗಿ ಸೇವ್ ಮಾಡ್ಕೊಳ್ಳಿ, ಸಿಸ್ಟಮ್ ಲಾಗನ್ನೂ ಸೇರಿಸಿ. ನೋಡುವಾಗ ಫಿಲ್ಟರ್‌ನಲ್ಲಿ 5379ರ ಹಿಂದೆ ಮೈನಸ್ ಹಾಕಿದ್ರೆ ಆ ಹಿಂಡು ಮಾಯ.

ಮತ್ತೊಂದು ಕೆಲಸ, ಇದನ್ನ ಇವತ್ತೇ ಮಾಡಬಹುದು. ಗಡಿಯಾರ ನೋಡ್ಕೊಂಡು ಕಂಪ್ಯೂಟರ್ ಲಾಕ್ ಮಾಡಿ. ಬೇಕಂತಲೇ ಒಂದು ಸಲ ತಪ್ಪು ಪಾಸ್‌ವರ್ಡ್ ಹೊಡೀರಿ, ಆಮೇಲೆ ಸರಿಯಾದದ್ದು. ಹೊತ್ತನ್ನ ಒಂದು ಚೀಟಿ ಮೇಲೆ ಬರ್ಕೊಳ್ಳಿ. ಈಗ ಲಾಗ್ ತೆಗೆದು ಆ ನಿಮಿಷದ ಸಾಲುಗಳನ್ನ ನೋಡಿ. 4625 ಬಂತಾ? ಬಂದಿಲ್ಲ ಅಂದ್ರೆ ನಿಮ್ಮ ಕಂಪ್ಯೂಟರ್ ವಿಫಲ ಪ್ರಯತ್ನಗಳನ್ನ ಬರೆದಿಡ್ತಾನೇ ಇಲ್ಲ, ಆಡಿಟ್‌ಪಾಲ್ ಅನ್ನೋ ಕಮಾಂಡ್‌ನಿಂದ ಅದನ್ನ ಆನ್ ಮಾಡ್ಬೇಕು. ಲಾಕ್ ಆದದ್ದು 4800, ತೆಗೆದದ್ದು 4801, ಇವೂ ತಾವಾಗಿ ಬರಲ್ಲ, ಅದೇ ಕಮಾಂಡ್‌ನಿಂದ ಆನ್ ಮಾಡ್ಕೋಬೇಕು. ಹೋಮ್ ಆವೃತ್ತಿಯಲ್ಲೂ ಅದು ಕೆಲಸ ಮಾಡುತ್ತೆ. ನೀವೇ ಕೂತಾಗ ಲಾಗ್ ಹೇಗೆ ಕಾಣುತ್ತೆ ಅಂತ ಗೊತ್ತಿದ್ರೆ, ನೀವಿಲ್ಲದಾಗಿನ ಲಾಗ್ ಪಕ್ಕಕ್ಕಿಟ್ಟು ಹೋಲಿಸಬಹುದು.

ಆಡಿಟ್‌ಪಾಲ್ ಕಮಾಂಡನ್ನ ಅಕ್ಷರ ಅಕ್ಷರ ಹೇಗೆ ಹೊಡೀಬೇಕು ಅಂತ ಮುಂದಿನ ವಾರ ಸ್ಕ್ರೀನ್ ರೆಕಾರ್ಡಿಂಗ್ ಜೊತೆ ಹಾಕ್ತೀನಿ. ನಿಮ್ಮ ಲಾಗ್‌ನಲ್ಲಿ ಅರ್ಥ ಆಗದ ಸಾಲು ಇದ್ರೆ ಕಳಿಸಿ. ಅಕೌಂಟ್ ಹೆಸರು, ಐಪಿ ವಿಳಾಸ ಅಳಿಸಿ ಕಳಿಸಿ. ಮತ್ತೆ ಯಾವ ಊರಲ್ಲಿ ಕೂತು ನೋಡಿದ್ದು ಅಂತ ಬರೆಯೋದು ಮರೀಬೇಡಿ.